ಜಿಗಿಯುವ ಮುಂಚೆ ಇಳಿಯಲು ಕಲಿಯಲಿ: ಎಳೆಯ ಟೆನಿಸ್ ಆಟಗಾರರ ತರಬೇತಿಯಿಂದ ಕೆಲವು ಪಾಠಗಳು

ಟೆನಿಸ್ ಕಲಿಯುವ ಮಕ್ಕಳಿಗೆ ಜಿಗಿತದ ತರಬೇತಿ ಬೇಕೇ ಎಂದು ತಂದೆತಾಯಿಗಳು ಈಗ ಕೇಳುವುದಿಲ್ಲ. ಎಷ್ಟು ಎತ್ತರದ ಬಾಕ್ಸ್ ಹತ್ತಿಸುತ್ತೀರಿ ಎಂದು ಕೇಳುತ್ತಾರೆ. ದೊಡ್ಡ ಆಟಗಾರರು ಸೊಂಟದೆತ್ತರದ ಪೆಟ್ಟಿಗೆಯ ಮೇಲೆ ಹಾರಿ ನಿಲ್ಲುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. ಹನ್ನೊಂದರ ತಮ್ಮ ಮಗಳೂ ಹಾಗೇ ಹಾರಲಿ ಎನ್ನುವುದು ಅವರ ಆಸೆ. ಬೆಂಗಳೂರಿನ ಕೋರ್ಟ್‌ಗಳಲ್ಲಿ ಹತ್ತರಿಂದ ಹದಿನಾರು ವಯಸ್ಸಿನ ಮಕ್ಕಳ ಫಿಟ್‌ನೆಸ್ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೆಲಸ ಕಲಿಸಿದ್ದನ್ನು ತಂದೆತಾಯಿಗಳಿಗೂ ಈಗಷ್ಟೇ ತರಬೇತಿಗೆ ಇಳಿದಿರುವ ಕಿರಿಯ ಕೋಚ್‌ಗಳಿಗೂ ಇಲ್ಲಿ ಹೇಳುತ್ತಿದ್ದೇನೆ.

ಈ ಜಿಗಿತದ ತರಬೇತಿಗೆ ಪ್ಲಯೋಮೆಟ್ರಿಕ್ಸ್ ಎಂದು ಹೆಸರು. ಹಾಗೆಂದರೆ ಏನು ಎಂಬುದನ್ನು ಮೊದಲು ನೋಡೋಣ. ಎಳೆದು ಬಿಟ್ಟ ರಬ್ಬರಿನ ಹಾಗೆ, ಸ್ನಾಯು ಮತ್ತು ಅದರ ರಜ್ಜು ಒಮ್ಮೆ ಹಿಗ್ಗಿ, ಆ ಹಿಗ್ಗು ಆರುವ ಮೊದಲೇ ಕುಗ್ಗಿದರೆ ಹೆಚ್ಚಿನ ಬಲ ಹೊಮ್ಮುತ್ತದೆ. ಈ ಗುಣವನ್ನು ತಿದ್ದಿ ತೀಡುವ ಜಿಗಿತ, ಕುಪ್ಪಳಿಕೆ, ಎಸೆತಗಳೆಲ್ಲ ಪ್ಲಯೋಮೆಟ್ರಿಕ್ಸ್. ಟೆನಿಸ್‌ಗೆ ಇದು ಏಕೆ ಬೇಕು ಎಂಬುದು ಕೋರ್ಟಿನ ಅಳತೆಯಲ್ಲೇ ಇದೆ. ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್. ಬೇಸ್‌ಲೈನಿನ ನಡುವೆ ನಿಂತವರಿಗೆ ಎಡಕ್ಕೂ ಬಲಕ್ಕೂ ಉಳಿಯುವುದು ನಾಲ್ಕು ಮೀಟರಿಗೆ ತುಸು ಹೆಚ್ಚು. ಒಂದು ಹೊಡೆತಕ್ಕೆ ಓಡುವ ದೂರ ಸರಾಸರಿ ಮೂರು ಮೀಟರಿನ ಆಸುಪಾಸು. ಹಾರ್ಡ್ ಕೋರ್ಟಿನಲ್ಲಿ ಬಹುಪಾಲು ಪಾಯಿಂಟ್‌ಗಳು ಹತ್ತು ಸೆಕೆಂಡಿನೊಳಗೆ ಮುಗಿಯುತ್ತವೆ. ಅಷ್ಟರಲ್ಲೇ ಹೊರಡಬೇಕು, ನಿಲ್ಲಬೇಕು, ತಿರುಗಬೇಕು, ಮತ್ತೆ ಹೊರಡಬೇಕು. ನಿಲ್ಲಲು ಬಾರದ ಕಾಲು ಹೊರಡುವಾಗಲೂ ತಡ ಮಾಡುತ್ತದೆ.

1. ಇಳಿಯುವುದು ಮೊದಲು, ಹಾರುವುದು ಆಮೇಲೆ

ಮಗು ಎಷ್ಟೆತ್ತರ ಹಾರಿತು ಎಂದು ಎಲ್ಲರೂ ನೋಡುತ್ತಾರೆ. ನಾನು ಇಳಿದ ಸದ್ದನ್ನು ಕೇಳಿಸಿಕೊಳ್ಳುತ್ತೇನೆ. ಪಾದ ದಪ್ಪೆಂದು ನೆಲಕ್ಕೆ ಬಡಿದರೆ ಆ ಪೆಟ್ಟನ್ನು ತೊಡೆ, ಪಿರ್ರೆ, ಮೀನಖಂಡಗಳು ಹೀರಿಕೊಂಡಿಲ್ಲ, ಕೀಲುಗಳು ತಿಂದಿವೆ ಎಂದೇ ಅರ್ಥ.

ಹೊಸದಾಗಿ ಬಂದ ಮಗುವಿಗೆ ಮೊದಲ ಮೂರು ನಾಲ್ಕು ವಾರ ಜಿಗಿತದ ಸ್ಪರ್ಧೆಯೇ ಇರುವುದಿಲ್ಲ. ಒಂದು ಮೆಟ್ಟಿಲಿನಷ್ಟು ಎತ್ತರದಿಂದ ಕೆಳಗೆ ಕಾಲಿಡುವುದು, ಎರಡೂ ಪಾದ ಒಟ್ಟಿಗೆ ಊರುವುದು, ಸೊಂಟ ಹಿಂದಕ್ಕೆ ಸರಿಸಿ ಮಂಡಿ ಬಗ್ಗಿಸಿ ಎರಡು ಎಣಿಸುವವರೆಗೆ ಅಲುಗಾಡದೆ ನಿಲ್ಲುವುದು. ಅಷ್ಟೇ. ಅದು ಸರಿಬಂದ ಮೇಲೆ ನಿಂತಲ್ಲೇ ಹಾರಿ ಇಳಿಯುವುದು, ಬಳಿಕ ಮುಂದಕ್ಕೆ, ಬಳಿಕ ಪಕ್ಕಕ್ಕೆ, ಕೊನೆಗೆ ಒಂಟಿಗಾಲಿನಲ್ಲಿ. ಒಂಟಿಗಾಲಿನ ಇಳಿತಕ್ಕೆ ಬರಲು ಕೆಲವರಿಗೆ ಎರಡು ತಿಂಗಳು ಬೇಕಾಗುತ್ತದೆ. ಬೇಕಾಗಲಿ.

ಈ ಹಂತದಲ್ಲಿ ಕೋಚ್ ಮಗುವಿನ ಎದುರಿಗೆ ನಿಲ್ಲಬೇಕು, ಪಕ್ಕದಲ್ಲಲ್ಲ. ಎದುರಿನಿಂದ ನೋಡಿದರೆ ಮಾತ್ರ ಮಂಡಿ ಒಳಮುಖವಾಗಿ ವಾಲುವುದು ಕಾಣುತ್ತದೆ. ಮಂಡಿಚಿಪ್ಪು ಕಾಲಿನ ಎರಡನೆಯ ಬೆರಳಿನ ನೇರಕ್ಕೆ ಇರಬೇಕು. ಹನ್ನೆರಡು, ಹದಿಮೂರು ದಾಟಿದ ಹೆಣ್ಣುಮಕ್ಕಳಲ್ಲಿ ಈ ವಾಲುವಿಕೆ ಹೆಚ್ಚು. ಹರೆಯಕ್ಕೆ ಬಂದ ಹುಡುಗಿಯರಲ್ಲಿ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ ಇರುವುದು ಕ್ರೀಡಾ ವೈದ್ಯರೆಲ್ಲ ಬಲ್ಲ ಸಂಗತಿ. ಹಾಗೆಂದು ಹುಡುಗಿಯರನ್ನು ಜಿಗಿತದಿಂದ ದೂರ ಇಡಬಾರದು. ಸರಿಯಾಗಿ ಇಳಿಯುವ ಅಭ್ಯಾಸವೇ ಅವರ ಮಂಡಿಗೆ ಕಾವಲು. ಪಿರ್ರೆಯ ಸ್ನಾಯುಗಳಿಗೆ ಬಲ ತುಂಬುವ ಬ್ರಿಡ್ಜ್, ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಪಕ್ಕಕ್ಕೆ ನಡೆಯುವುದು, ಒಂಟಿಗಾಲಿನಲ್ಲಿ ನಿಧಾನ ಕೂತೇಳುವುದು, ಇವು ಜೊತೆಗಿರಲಿ.

ಮಕ್ಕಳಿಗೆ ಅಂಗರಚನೆಯ ಪಾಠ ಹೇಳಿ ಉಪಯೋಗವಿಲ್ಲ. 'ಮಂಡಿ ನೋಡ್ಕೋ, ಸೊಂಟ ನೋಡ್ಕೋ' ಎಂದರೆ ಮರಗಟ್ಟಿಹೋಗುತ್ತಾರೆ. 'ನೀನು ಇಳಿದದ್ದು ನನಗೆ ಕೇಳಿಸಬಾರದು ಪುಟ್ಟಾ' ಎಂದರೆ ಸಾಕು, ದೇಹ ತಾನೇ ದಾರಿ ಹುಡುಕಿಕೊಳ್ಳುತ್ತದೆ.

2. ಸುಸ್ತು ಮಾಡಿಸುವುದು ತರಬೇತಿಯಲ್ಲ

ಪ್ಲಯೋಮೆಟ್ರಿಕ್ಸ್‌ನ ಲೆಕ್ಕ ನಿಮಿಷಗಳಲ್ಲಿಲ್ಲ, ಪಾದ ನೆಲ ಮುಟ್ಟಿದ ಸಲಗಳಲ್ಲಿದೆ. ಹೊಸಬರಿಗೆ ಒಂದು ಅವಧಿಯಲ್ಲಿ 80ರಿಂದ 100 ಸ್ಪರ್ಶ ಎನ್ನುವುದು ಅಮೆರಿಕದ ನ್ಯಾಷನಲ್ ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಅಸೋಸಿಯೇಷನ್‌ನ ಪಠ್ಯದಲ್ಲಿರುವ ಅಳತೆ. ಹತ್ತು ಹನ್ನೊಂದರ ಮಗುವಿಗೆ ನಾನು ಅದರ ಅರ್ಧದಿಂದ ಶುರು ಮಾಡುತ್ತೇನೆ. ಆ ಮಗು ಅದೇ ದಿನ ಕೋರ್ಟಿನಲ್ಲಿ ಎಷ್ಟು ಸಲ ಕುಪ್ಪಳಿಸಿರುತ್ತದೆ, ಶಾಲೆಯ ಮೈದಾನದಲ್ಲಿ ಎಷ್ಟು ಓಡಿರುತ್ತದೆ ಎಂಬುದು ಆ ಪುಸ್ತಕಕ್ಕೆ ಗೊತ್ತಿಲ್ಲ.

ಐದಾರು ಜಿಗಿತ, ಆಮೇಲೆ ಒಂದೆರಡು ನಿಮಿಷ ವಿಶ್ರಾಂತಿ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆಗಳ ಅಂತರ. ಹೊರಗೆ ಕುರ್ಚಿಯಲ್ಲಿ ಕೂತ ಪಾಲಕರಿಗೆ ಇದು ಕಾಲಹರಣದಂತೆ ಕಾಣುವುದುಂಟು. 'ಮಗನಿಗೆ ಬೆವರೇ ಬರ್ಲಿಲ್ಲವಲ್ಲ ಸರ್' ಎಂದು ಕೇಳಿದವರಿದ್ದಾರೆ. ಬೆವರು ಬರಿಸಲು ಬೇರೆ ವ್ಯಾಯಾಮಗಳಿವೆ. ಇಲ್ಲಿ ಬೇಕಾದದ್ದು ಚುರುಕು, ಅದು ದಣಿದ ಕಾಲಿನಿಂದ ಬರುವುದಿಲ್ಲ. ಆರನೆಯ ಜಿಗಿತ ಐದನೆಯದಕ್ಕಿಂತ ಮಂಕಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

3. ನೆಲ ಬಿಡಲು ಕಾಲು ಸೆಕೆಂಡು

ಜಿಗಿತದಲ್ಲಿ ಎರಡು ಬಗೆ. ಪಾದ ನೆಲದ ಮೇಲೆ 250 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಇರುವಂಥದ್ದು ವೇಗದ ಬಗೆ, ಅದಕ್ಕಿಂತ ಹೆಚ್ಚು ಹೊತ್ತು ಮಂಡಿ ಬಗ್ಗಿಸಿ ಮೇಲೇಳುವುದು ನಿಧಾನದ ಬಗೆ. ಟೆನಿಸ್‌ಗೆ ಎರಡೂ ಬೇಕು. ಸರ್ವ್ ಮಾಡುವಾಗ ಮಂಡಿ ಬಗ್ಗಿ ಮೇಲಕ್ಕೆ ಚಿಮ್ಮುವುದು ನಿಧಾನದ ಬಗೆಗೆ ಹತ್ತಿರ. ವೇಗವಾಗಿ ಓಡುವಾಗಿನ ಹೆಜ್ಜೆ ವೇಗದ ಬಗೆಯದು.

ಹೆಚ್ಚಿನ ತರಬೇತಿಗಳಲ್ಲಿ ನಾನು ಕಾಣುವ ಕೊರತೆ ಈ ವೇಗದ ಬಗೆಯದ್ದೇ. ಬಾಕ್ಸ್ ಹತ್ತಿಸುತ್ತಾರೆ, ಸ್ಕ್ವಾಟ್ ಜಂಪ್ ಮಾಡಿಸುತ್ತಾರೆ, ಪಾದದ ಕೀಲಿನ ಬಿರುಸನ್ನು ಮರೆಯುತ್ತಾರೆ. ಇದಕ್ಕೆ ದುಬಾರಿ ಸಾಮಾನು ಬೇಡ. ಸ್ಕಿಪ್ಪಿಂಗ್ ಹಗ್ಗವೊಂದು ಸಾಕು. ಮಂಡಿ ಹೆಚ್ಚು ಬಗ್ಗಿಸದೆ, ಹಿಮ್ಮಡಿ ಊರದೆ, ತುದಿಗಾಲಿನಲ್ಲಿ ಚಿಟಿಕೆ ಹೊಡೆದಷ್ಟು ಬೇಗ ನೆಲ ಬಿಡುವುದು. ಹಿಮ್ಮಡಿ ನೆಲಕ್ಕೆ ತಾಗಲು ಶುರುವಾದರೆ ಆ ಸುತ್ತು ಮುಗಿಯಿತು. ಇದೇ ಕ್ರಮದಲ್ಲಿ ನಿಂತಲ್ಲೇ ಕುಪ್ಪಳಿಸುವ ಪೋಗೋ ಜಂಪ್, ನೆಲದ ಮೇಲಿನ ಗೆರೆಯನ್ನು ಆಚೆ ಈಚೆ ದಾಟುವ ಲೈನ್ ಹಾಪ್ ಬರುತ್ತವೆ. ಗೆರೆ ಎಳೆಯುವ ಕಷ್ಟವೂ ಇಲ್ಲ, ಟೆನಿಸ್ ಕೋರ್ಟಿನ ತುಂಬ ಗೆರೆಗಳೇ.

4. ಡೆಪ್ತ್ ಜಂಪ್ ಮಕ್ಕಳಿಗಲ್ಲ

ಎತ್ತರದ ಪೆಟ್ಟಿಗೆಯಿಂದ ಕೆಳಗಿಳಿದು, ನೆಲ ಮುಟ್ಟಿದ ತಕ್ಷಣ ಮತ್ತೆ ಮೇಲಕ್ಕೆ ಹಾರುವುದು ಡೆಪ್ತ್ ಜಂಪ್. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಯೂರಿ ವೆರ್ಖೋಶಾನ್‌ಸ್ಕಿ ತಮ್ಮ ಅಥ್ಲೀಟ್‌ಗಳಿಗಾಗಿ ಈ ವಿಧಾನವನ್ನು ಬೆಳೆಸಿದರು. ಅವರು ಅದನ್ನು ಕರೆದದ್ದೇ ಆಘಾತ ವಿಧಾನ ಎಂದು. ಅಮೆರಿಕದ ಓಟದ ಕೋಚ್ ಫ್ರೆಡ್ ವಿಲ್ಟ್ 1975ರಲ್ಲಿ ಪ್ಲಯೋಮೆಟ್ರಿಕ್ಸ್ ಎಂಬ ಹೆಸರು ಕೊಟ್ಟರು. ಹೆಸರು ಪ್ರಪಂಚವನ್ನೆಲ್ಲ ಸುತ್ತಿತು. ಅದರ ಹಿಂದಿದ್ದ ಎಚ್ಚರ ಅಷ್ಟು ದೂರ ಬರಲಿಲ್ಲ. ವರ್ಷಗಟ್ಟಲೆ ಭಾರ ಎತ್ತಿ ಕಾಲು ಗಟ್ಟಿ ಮಾಡಿಕೊಂಡ ವಯಸ್ಕರ ವ್ಯಾಯಾಮ ಅದು. ಮೂಳೆ ಇನ್ನೂ ಬೆಳೆಯುತ್ತಿರುವ ಹನ್ನೆರಡರ ಮಗುವಿಗೆ ಬೇಡ. ಮೇಲಕ್ಕೆ ಹತ್ತುವ ಬಾಕ್ಸ್ ಜಂಪ್ ಆಗಬಹುದು, ಏಕೆಂದರೆ ಮೇಲೆ ನಿಂತಾಗ ಇಳಿಯುವ ದೂರ ಕಡಿಮೆ. ಆದರೆ ಅಲ್ಲಿಂದ ಹಾರಿ ಇಳಿಯಬಾರದು, ಒಂದೊಂದೇ ಕಾಲಿಟ್ಟು ಇಳಿಯಬೇಕು.

5. ಜಿಗಿತ ಕೋರ್ಟಿನ ದಿಕ್ಕಿಗೆ ತಿರುಗಲಿ

ಟೆನಿಸ್‌ನಲ್ಲಿ ನೇರ ಮುಂದಕ್ಕೆ ಓಡುವುದಕ್ಕಿಂತ ಪಕ್ಕಕ್ಕೆ ಹೋಗುವುದು ಹೆಚ್ಚು. ಅಭ್ಯಾಸದಲ್ಲಿ ಮಾತ್ರ ಮಕ್ಕಳು ಮೇಲಕ್ಕೂ ಮುಂದಕ್ಕೂ ಹಾರುತ್ತಿರುತ್ತಾರೆ. ಪಕ್ಕದ ಜಿಗಿತ ಬೇರೆಯದೇ ವಿದ್ಯೆ. ಬಲಗಾಲಿನಿಂದ ಚಿಮ್ಮಿ ಎಡಗಾಲಿನ ಮೇಲೆ ಇಳಿದು, ಒಂದು ಕ್ಷಣ ನಿಂತು, ಮತ್ತೆ ಬಲಕ್ಕೆ. ಸ್ಕೇಟರ್ ಜಂಪ್ ಎಂದು ಇದನ್ನು ಕರೆಯುತ್ತಾರೆ. ನಿಲ್ಲುವುದು ಗಟ್ಟಿಯಾದ ಮೇಲೆ ನಿಲ್ಲದೆ ತಿರುಗುವುದು. ಅಂಚಿಗೆ ಬಂದ ಫೋರ್‌ಹ್ಯಾಂಡಿಗೆ ಓಡಿ ಹೊಡೆದು ನಡುವಿಗೆ ಮರಳುವಾಗ ಹೊರಗಾಲು ಮಾಡುವ ಕೆಲಸ ಇದೇ.

ಇದೆಲ್ಲದರ ತಾಯಿ ಸ್ಪ್ಲಿಟ್ ಸ್ಟೆಪ್. ಎದುರಾಳಿ ಚೆಂಡು ಹೊಡೆಯುವ ಹೊತ್ತಿಗೆ ಹಾಕುವ ಆ ಪುಟ್ಟ ಕುಪ್ಪಳಿಕೆ. ಪ್ರತಿ ಹೊಡೆತಕ್ಕೂ ಮುಂಚೆ ಬರುವ ಪ್ಲಯೋಮೆಟ್ರಿಕ್ ಚಲನೆ ಅದು. ಎದುರಾಳಿಯ ರಾಕೆಟ್ ಮುಂದಕ್ಕೆ ಬೀಸತೊಡಗಿದಾಗ ಪಾದ ನೆಲ ಬಿಡಬೇಕು, ಚೆಂಡು ರಾಕೆಟ್‌ನಿಂದ ಹೊರಟು ದಿಕ್ಕು ತಿಳಿಯುವ ಹೊತ್ತಿಗೆ ನೆಲಕ್ಕೆ ಬರುತ್ತಿರಬೇಕು. ನುರಿತ ಆಟಗಾರರು ಎರಡೂ ಪಾದವನ್ನು ಒಟ್ಟಿಗೆ ಊರುವುದೂ ಇಲ್ಲ. ಬಲಕ್ಕೆ ಹೋಗಬೇಕೆಂದು ತಿಳಿದರೆ ಎಡಗಾಲು ಮೊದಲು ಊರಿ ತಳ್ಳುತ್ತದೆ.

ಇಲ್ಲಿ ಮಕ್ಕಳದು ಎರಡು ತೊಂದರೆ. ಕೆಲವರು ಬಹಳ ಎತ್ತರ ಹಾರಿ ಗಾಳಿಯಲ್ಲೇ ಉಳಿಯುತ್ತಾರೆ, ಅಷ್ಟರಲ್ಲಿ ಚೆಂಡು ದಾಟಿಹೋಗುತ್ತದೆ. ಕೆಲವರು ಕುಪ್ಪಳಿಸುತ್ತಾರೆ, ಆದರೆ ಎದುರಾಳಿಯನ್ನು ನೋಡದೆ ತಮ್ಮದೇ ತಾಳಕ್ಕೆ. ಆದ್ದರಿಂದ ಸ್ಪ್ಲಿಟ್ ಸ್ಟೆಪ್ಪನ್ನು ಕೋನ್‌ಗಳ ನಡುವೆ ಒಂಟಿಯಾಗಿ ಕಲಿಸಬೇಡಿ. ಎದುರಿಗೆ ನೀವು ನಿಂತು ಚೆಂಡನ್ನು ಕೈಯಲ್ಲಿ ಹಿಡಿದು ಎಡಕ್ಕೋ ಬಲಕ್ಕೋ ಬಿಡಿ. ಅದು ಎರಡನೆಯ ಪುಟಿತಕ್ಕೆ ಮುಂಚೆ ಮಗು ಹಿಡಿಯಲಿ. ಕಣ್ಣು ಮತ್ತು ಕಾಲು ಒಟ್ಟಿಗೆ ಕಲಿಯಬೇಕಾದ ಪಾಠ ಇದು. ನನ್ನ ಮಟ್ಟಿಗೆ, ಹನ್ನೆರಡರ ಒಳಗಿನ ಮಗುವಿಗೆ ಬೇರೆ ಯಾವ ಜಿಗಿತ ಬಾರದಿದ್ದರೂ ನಡೆದೀತು, ಇದೊಂದು ಬರಲೇಬೇಕು.

6. ರಾಕೆಟ್ ಹಿಡಿಯುವ ಮೊದಲು

ನಮ್ಮಲ್ಲಿ ರೂಢಿ ಹೀಗಿದೆ: ಬೆಳಿಗ್ಗೆ ಆರಕ್ಕೆ ಬಂದು ಒಂದೂವರೆ ಗಂಟೆ ಟೆನಿಸ್, ಕೊನೆಗೆ ಹದಿನೈದು ನಿಮಿಷ ಫಿಟ್‌ನೆಸ್, ಆಮೇಲೆ ಶಾಲೆಯ ಬಸ್ಸಿಗೆ ಓಟ. ಜಿಗಿತಕ್ಕೆ ಇದು ತಪ್ಪು ಜಾಗ. ಸ್ಪೇನಿನ ಹೈಮೆ ಫರ್ನಾಂಡೆಜ್ ಫರ್ನಾಂಡೆಜ್ ಮತ್ತು ಸಂಗಡಿಗರು ಎಳೆಯ ಆಟಗಾರರ ಮೇಲೆ ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಜಿಗಿತ, ಓಟ, ಎಸೆತಗಳಿರುವ ಒಂದೇ ಕಾರ್ಯಕ್ರಮವನ್ನು ಐದು ವಾರ ಒಂದು ಗುಂಪಿಗೆ ಟೆನಿಸ್‌ಗೆ ಮುಂಚೆ, ಇನ್ನೊಂದು ಗುಂಪಿಗೆ ಟೆನಿಸ್ ಆದ ಮೇಲೆ ಕೊಟ್ಟರು. ಮುಂಚೆ ಮಾಡಿದವರು ಚುರುಕಾದರು. ಆಮೇಲೆ ಮಾಡಿದವರಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಅದೇ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಹನ್ನೆರಡು ಹದಿಮೂರರ ಮಕ್ಕಳು ಎಂಟು ವಾರ, ವಾರಕ್ಕೆರಡು ಸಲ ಪ್ಲಯೋಮೆಟ್ರಿಕ್ಸ್ ಮಾಡಿದ್ದರು. ಜಿಗಿತ ಮತ್ತು ಓಟದ ಜೊತೆ ಸರ್ವ್‌ನ ವೇಗವೂ ಏರಿತ್ತು.

ಕೋಚ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ. ಹೆಚ್ಚಿನ ಸಮಯ ಕೇಳುತ್ತಿಲ್ಲ. ಕೊನೆಯ ಹದಿನೈದು ನಿಮಿಷವನ್ನು ವಾರದಲ್ಲಿ ಎರಡು ದಿನ ಮೊದಲಿಗೆ ತನ್ನಿ. ವಾರ್ಮಪ್ ಮುಗಿದ ಕೂಡಲೇ, ಕಾಲು ತಾಜಾ ಇರುವಾಗ.

7. ಬಾಗಿಲ ಚೌಕಟ್ಟಿನ ಮೇಲೆ ಎತ್ತರ ಗುರುತಿಸಿ

ಮೂರು ತಿಂಗಳಿಗೊಮ್ಮೆ ಮಗುವಿನ ಎತ್ತರ ಬರೆದಿಡಿ. ತರಬೇತಿಯ ಯೋಜನೆಗೆ ಇದಕ್ಕಿಂತ ಉಪಯುಕ್ತ ಮಾಹಿತಿಯನ್ನು ಯಾವ ಪಾಲಕರೂ ನನಗೆ ಕೊಟ್ಟಿಲ್ಲ. ಹುಡುಗಿಯರು ಸುಮಾರು ಹನ್ನೆರಡರಲ್ಲಿ, ಹುಡುಗರು ಸುಮಾರು ಹದಿನಾಲ್ಕರಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಇದು ಸರಾಸರಿ ಮಾತ್ರ. ಹದಿನಾಲ್ಕರ ಒಳಗಿನವರ ಟೂರ್ನಿಗೆ ಹೋಗಿ ನೋಡಿ, ಮೀಸೆ ಚಿಗುರಿದ ಹುಡುಗನ ಎದುರಿಗೆ ಅವನ ಭುಜದವರೆಗೂ ಬಾರದ ಹುಡುಗ ಆಡುತ್ತಿರುತ್ತಾನೆ. ಇಬ್ಬರಿಗೂ ಒಂದೇ ವಯಸ್ಸು. ಇಬ್ಬರಿಗೂ ಒಂದೇ ವ್ಯಾಯಾಮ ಕೊಟ್ಟರೆ ಒಬ್ಬನಿಗಾದರೂ ಅನ್ಯಾಯವಾಗುತ್ತದೆ.

ಸರಸರನೆ ಬೆಳೆಯುವ ಆ ಅವಧಿಯಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಮತ್ತು ರಜ್ಜು ಹಿಂದುಳಿದು ಬಿಗಿಯಾಗುತ್ತವೆ. ಅವು ಮೂಳೆಗೆ ಅಂಟಿಕೊಂಡಿರುವ ಜಾಗ ಇನ್ನೂ ಮೃದ್ವಸ್ಥಿ. ಪ್ರತಿ ಜಿಗಿತವೂ ಅಲ್ಲೇ ಜಗ್ಗುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟು ಎದ್ದು ನೋಯುವುದು ಓಸ್‌ಗುಡ್ ಶ್ಲಾಟರ್, ಹಿಮ್ಮಡಿಯ ಹಿಂಭಾಗ ನೋಯುವುದು ಸೆವರ್. ಎರಡೂ ಮಕ್ಕಳಲ್ಲಿ ಸಾಮಾನ್ಯ, ಹೆಚ್ಚಾಗಿ ಬೆಳವಣಿಗೆ ಮುಗಿಯುತ್ತಿದ್ದಂತೆ ತಾವಾಗಿ ಶಮನವಾಗುತ್ತವೆ. ಆದರೆ ಆ ಹೊತ್ತಿನಲ್ಲಿ ಜಿಗಿತ ಮುಂದುವರಿಸಿದರೆ ಬೇಗ ತಗ್ಗಬಹುದಾದ ನೋವು ತಿಂಗಳುಗಟ್ಟಲೆ ಕಾಡುತ್ತದೆ.

ನೋವಿಲ್ಲದಿದ್ದರೂ ಇನ್ನೊಂದು ಸಂಗತಿ ಇದೆ. ಹದಿಮೂರರ ಹುಡುಗನೊಬ್ಬ ನನ್ನ ಬಳಿ ಬರುತ್ತಿದ್ದ. ಕೋರ್ಟಿನಲ್ಲಿ ಅವನ ಹೆಜ್ಜೆ ನೋಡುವುದೇ ಒಂದು ಸೊಗಸು. ಆರೇಳು ತಿಂಗಳಲ್ಲಿ ಉದ್ದವಾಗಿ ಬೆಳೆದ, ಬೆಳೆದಂತೆ ಎಡವತೊಡಗಿದ. ತನ್ನ ಕಾಲೇ ತನ್ನದಲ್ಲ ಎನ್ನುವ ಹಾಗೆ. ಅಪ್ಪನಿಗೆ ಸಿಟ್ಟು, ಹುಡುಗನಿಗೆ ನಾಚಿಕೆ. ಅವನಿಗೆ ಸೋಮಾರಿತನ ಬಂದಿರಲಿಲ್ಲ, ಮೈಗೆ ಹೊಸ ಅಳತೆ ಬಂದಿತ್ತು. ದೊಡ್ಡ ಜಿಗಿತಗಳನ್ನು ಕೈಬಿಟ್ಟು, ಮತ್ತೆ ಒಂದು ಮೆಟ್ಟಿಲಿನ ಇಳಿತ, ಹಗ್ಗ, ಒಂಟಿಗಾಲಿನ ಸಮತೋಲಕ್ಕೆ ಮರಳಿದೆವು. ಬೆಳವಣಿಗೆಯ ವೇಗ ತಗ್ಗಿದಾಗ ಹಳೆಯ ಹೆಜ್ಜೆ ವಾಪಸು ಬಂತು, ಈ ಸಲ ಉದ್ದನೆಯ ಕಾಲಿನೊಂದಿಗೆ. ಈ ವಯಸ್ಸಿನಲ್ಲಿ ಆಟ ಬಿಟ್ಟುಹೋಗುವ ಎಷ್ಟೋ ಮಕ್ಕಳಿಗೆ ಇದೊಂದು ಹಂತ, ದಾಟಿಹೋಗುತ್ತದೆ ಎಂದು ಹೇಳುವವರೇ ಇರುವುದಿಲ್ಲ. ನನಗೆ ಬಹಳ ನೋವು ಕೊಡುವ ವಿಷಯ ಇದು.

8. ನೆಲ ಮತ್ತು ಶೂ

ಸಿಮೆಂಟಿನ ಮೇಲೆ ಜಿಗಿಸಬೇಡಿ. ಪಾರ್ಕಿಂಗ್ ಜಾಗ, ಅಪಾರ್ಟ್‌ಮೆಂಟಿನ ಟೈಲ್ಸ್ ಯಾವುದೂ ಬೇಡ. ಹುಲ್ಲು, ಕೆಮ್ಮಣ್ಣಿನ ಅಂಕಣ, ರಬ್ಬರ್ ಮ್ಯಾಟ್ ಒಳ್ಳೆಯದು. ಮರಳು ಬಹಳ ಮೆತ್ತಗಾಯಿತು, ಅದರಲ್ಲಿ ಕಾಲು ಹೂತು ನೆಲ ಬಿಡುವ ವೇಗವೇ ಸತ್ತುಹೋಗುತ್ತದೆ. ಓಟದ ಶೂಗಳು ನೇರ ಓಡಲು ಮಾಡಿದವು. ಅವುಗಳ ದಪ್ಪ ಅಟ್ಟೆಯ ಮೇಲೆ ಪಕ್ಕಕ್ಕೆ ಜಿಗಿದರೆ ಪಾದ ಉಳುಕುತ್ತದೆ. ಟೆನಿಸ್ ಶೂ ಹಾಕಿಯೇ ಅಭ್ಯಾಸ ಮಾಡಲಿ.

ನೆಲ, ಶೂಗಳ ಈ ಎಚ್ಚರವೆಲ್ಲ ಮಂಡಿ ಬಹುಕಾಲ ಬಾಳಲೆಂದು. ಮಂಡಿಯ ವಿಷಯದಲ್ಲಿ ನಮ್ಮವರೇ ಒಬ್ಬರ ಉದಾಹರಣೆ ಇದೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಪುರುಷರ ಡಬಲ್ಸ್ ಗೆದ್ದಾಗ ಕೊಡಗಿನ ರೋಹನ್ ಬೋಪಣ್ಣ ಅವರಿಗೆ 43 ವರ್ಷ. ಮಂಡಿಯ ಮೃದ್ವಸ್ಥಿ ಸವೆದು ನೋವಿನಲ್ಲೇ ಆಡುತ್ತಿದ್ದುದನ್ನೂ ಅಯ್ಯಂಗಾರ್ ಯೋಗದಿಂದ ಚೇತರಿಸಿಕೊಂಡದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ಟೆನಿಸ್ ಬದುಕು ಮೂವತ್ತು ವರ್ಷ ನಡೆಯಬಲ್ಲದು. ಹನ್ನೆರಡರ ಮಂಡಿಯನ್ನು ಆ ಲೆಕ್ಕದಲ್ಲಿ ಕಾಯಬೇಕು.

9. ಕುಂಟೆಬಿಲ್ಲೆ, ಹಗ್ಗದಾಟ, ಕೊಕ್ಕೊ

ಒಂಟಿಗಾಲಿನಲ್ಲಿ ಚೌಕದಿಂದ ಚೌಕಕ್ಕೆ ಹಾರುವುದು, ಗೆರೆ ಮುಟ್ಟದೆ ನಿಲ್ಲುವುದು, ಬಗ್ಗಿ ಬಿಲ್ಲೆ ಎತ್ತುವುದು: ಎಂಟು ಹತ್ತರ ಮಗುವಿಗೆ ಇದಕ್ಕಿಂತ ಒಳ್ಳೆಯ ಪ್ಲಯೋಮೆಟ್ರಿಕ್ಸ್ ನನಗೆ ಗೊತ್ತಿಲ್ಲ. ಕೊಕ್ಕೊದಲ್ಲಿ ಕೂತಲ್ಲಿಂದ ಎದ್ದು ಓಡುವ ಆ ಚಿಮ್ಮುವಿಕೆ ಟೆನಿಸ್‌ಗೆ ನೇರವಾಗಿ ಬೇಕಾದದ್ದು. ಚಿಕ್ಕ ಮಕ್ಕಳ ಗುಂಪಿಗೆ ನಾನು ಈಗಲೂ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯುತ್ತೇನೆ.

10. ಸರ್ವ್ ಕಾಲಿನಿಂದ ಶುರು

ಸರ್ವ್‌ನ ಬಲದಲ್ಲಿ ಸುಮಾರು ಅರ್ಧ ಭಾಗ ಕಾಲು, ಸೊಂಟ, ನಡುವಿನಿಂದ ಬರುತ್ತದೆ. ಕಾಲು ತಳ್ಳದಿದ್ದರೆ ಭುಜ ದುಡಿಯುತ್ತದೆ, ಬೆನ್ನು ಬಿಲ್ಲಾಗುತ್ತದೆ. ಒಂದು, ಹೆಚ್ಚೆಂದರೆ ಎರಡು ಕಿಲೊ ತೂಕದ ಮೆಡಿಸಿನ್ ಬಾಲ್ ಹಿಡಿದು ಮಂಡಿ ಬಗ್ಗಿಸಿ ಮೇಲಕ್ಕೆ ಎಸೆಯುವುದು, ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು ಮೇಲ್ಭಾಗದ ಪ್ಲಯೋಮೆಟ್ರಿಕ್ಸ್. ತೂಕ ಏರಿಸುವ ಆತುರ ಬೇಡ, ಎಸೆತ ನಿಧಾನವಾದರೆ ಅದರ ಗುಣ ಹೋಯಿತು. ಬಲಗೈ ಆಟಗಾರ ಸರ್ವ್ ಮಾಡಿ ಇಳಿಯುವುದು ಎಡಗಾಲಿನ ಮೇಲೆ. ಆದ್ದರಿಂದ ಎಡಗಾಲಿನ ಇಳಿತವನ್ನು ಪ್ರತ್ಯೇಕವಾಗಿ ನೋಡಿ.

11. ಟೂರ್ನಿಯ ವಾರ ಜಿಗಿತ ಇಲ್ಲ

ಪಂದ್ಯಗಳೇ ಸಾಕಷ್ಟು ಜಿಗಿತ. ವಾರ್ಮಪ್‌ನಲ್ಲಿ ಹತ್ತಿಪ್ಪತ್ತು ಚುರುಕು ಹೆಜ್ಜೆ, ಒಂದೆರಡು ಸ್ಪ್ಲಿಟ್ ಸ್ಟೆಪ್, ಮುಗಿಯಿತು. ಬೇಸಿಗೆ ರಜೆಯಲ್ಲಿ ವಾರವಾರವೂ ಒಂದೊಂದು ಊರಿನ ಟೂರ್ನಿ ಸುತ್ತುವ ಮಕ್ಕಳಿಗೆ ಇಡೀ ತಿಂಗಳು ಜಿಗಿತದ ತರಬೇತಿ ಇಲ್ಲದಿದ್ದರೂ ಏನೂ ನಷ್ಟವಿಲ್ಲ. ಅವರಿಗೆ ಬೇಕಾದದ್ದು ನಿದ್ದೆ.

12. ನೋವು ಎಂದ ಮಗುವನ್ನು ನಂಬಿ

'ನೆಪ ಹೇಳ್ತಾನೆ ಸರ್' ಎನ್ನುವ ಮಾತು ಕೋರ್ಟಿನ ಬದಿಯಲ್ಲಿ ಕೇಳುತ್ತಲೇ ಇರುತ್ತದೆ. ಆಡುವ ಆಸೆಯಿರುವ ಮಗು ನೋವನ್ನು ಬಚ್ಚಿಡುವುದೇ ಹೆಚ್ಚು. ಬಾಯಿಬಿಟ್ಟು ಹೇಳಿದೆ ಎಂದರೆ ಆಗಲೇ ತಡವಾಗಿರಬಹುದು. ವಾರ್ಮಪ್ ಆದ ಮೇಲೂ ಕುಂಟುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಒಂದೇ ಜಾಗವನ್ನು ಬೆರಳಿಟ್ಟು ತೋರಿಸಿದರೆ ಆ ದಿನದ ಆಟ ನಿಲ್ಲಿಸಿ. ಸರ್ವ್ ಮಾಡುವಾಗ ಕೆಳಬೆನ್ನು ನೋಯುತ್ತಿದ್ದು ಎರಡು ವಾರವಾದರೂ ಹೋಗದಿದ್ದರೆ ಬೆನ್ನೆಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುವ ಸಾಧ್ಯತೆ ಇರುತ್ತದೆ. ಎಳೆಯ ಟೆನಿಸ್ ಆಟಗಾರರಲ್ಲಿ ಅದು ಅಪರೂಪವೇನಲ್ಲ. ಬಾಮ್ ಹಚ್ಚಿ, ಪಟ್ಟಿ ಸುತ್ತಿ, ಮಾತ್ರೆ ನುಂಗಿಸಿ ಪಂದ್ಯಕ್ಕೆ ಇಳಿಸಬೇಡಿ. ಮೂಳೆ ತಜ್ಞರ ಅಥವಾ ಕ್ರೀಡಾ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವರು ಆಡಬಹುದು ಎನ್ನುವವರೆಗೆ ರಾಕೆಟ್ ಮನೆಯಲ್ಲೇ ಇರಲಿ.